ನೆಲದ ನಕಾಶೆಯೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯಲ್ಲಿ ಕಲಿತು ಹೋದವರಿಗೆ ಭೂಗೋಲದ ಪಾಠವೆಂದೊಡನೆ ನೆನಪಿಗೆ ಬರುವದು ಗೋಡೆಯ ಮೇಲೆ ತೂಗುಹಾಕಿದ ದೊಡ್ಡ ನಕಾಶೆಯೇ ಸರಿ. ಉಪಾಧ್ಯಾಯಿನಿಯವರು ಕೋಲಿನಿಂದ ತೋರಿಸಿದ ಕಡೆಯಲ್ಲಿ ನಾವು ನದಿಯ ಹೆಸರನ್ನೂ ಬೆಟ್ಟದ ಹೆಸರನ್ನೂ ಒಪ್ಪಿಸುತ್ತಿದ್ದೆವು. ಆ ನಕಾಶೆಯಲ್ಲಿ ಶಿರಸಿಯು ಒಂದು ಚುಕ್ಕೆಯಾಗಿತ್ತು. ಸಿದ್ದಾಪುರ, ಯಲ್ಲಾಪುರಗಳು ಎಷ್ಟೋ ಸಲ ಚುಕ್ಕೆಯೂ ಆಗಿರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ನಕಾಶೆಯನ್ನು ಸುತ್ತಿ ಕಪಾಟಿನಲ್ಲಿ ಇಡುತ್ತಿದ್ದರು. ಅದರೊಡನೆ ನಮ್ಮ ಭೂಗೋಲವೂ ಮುಗಿಯುತ್ತಿತ್ತು.

ಈಗ ಸುತ್ತಿಡಲು ಬಾರದ ನಕಾಶೆಯೊಂದು ಹುಟ್ಟಿಕೊಂಡಿದೆ. ಅದು ಗಣಕಯಂತ್ರದೊಳಗೆ ಇರುವದು. ಅದನ್ನು ನೋಡಿ ರಸ್ತೆಯ ದಾರಿಯನ್ನು ನಿರ್ಣಯಿಸುತ್ತಾರೆ. ಅದನ್ನು ನೋಡಿ ಬೆಳೆಯ ಲೆಕ್ಕ ಹಿಡಿಯುತ್ತಾರೆ. ರೋಗ ಬಂದರೆ ಔಷಧವನ್ನು ಯಾವ ಊರಿಗೆ ಮೊದಲು ಕಳುಹಬೇಕೆಂಬುದನ್ನೂ ಅದನ್ನೇ ಕೇಳುತ್ತಾರೆ. ನಮ್ಮ ಮನೆಯು ಕಾಡಿನೊಳಗಿದೆಯೋ ಊರೊಳಗಿದೆಯೋ ಎಂಬ ಮಾತನ್ನು ಸಹ ಅದೇ ಹೇಳತೊಡಗಿದೆ. ಇದಕ್ಕೆ ಭೌಗೋಲಿಕ ಮಾಹಿತಿ ವ್ಯವಸ್ಥೆ ಎಂದು ಹೆಸರು, ಜಿ.ಐ.ಎಸ್. ಎಂದು ಸಂಕ್ಷೇಪವಾಗಿ ಕರೆಯುವರು. ನಮ್ಮ ಮೂರು ತಾಲೂಕುಗಳ ಜನರು, ಅವರಲ್ಲಿಯೂ ಹೆಣ್ಣುಮಕ್ಕಳು, ಈ ವಿದ್ಯೆಯನ್ನು ಕಲಿಯತಕ್ಕದ್ದು ಅತ್ಯವಶ್ಯವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಲು ಅಪ್ಪಣೆಯನ್ನು ಬೇಡುತ್ತೇವೆ.

ಮೊದಲು ಈ ವ್ಯವಸ್ಥೆಯೆಂದರೆ ಏನೆಂಬುದನ್ನು ಹೇಳೋಣ. ಒಂದು ಊರಿನ ಹಳ್ಳಕೊಳ್ಳಗಳನ್ನು ಒಂದು ಎಣ್ಣೆಕಾಗದದ ಮೇಲೆ ಬರೆದಿದ್ದೇವೆಂದು ಭಾವಿಸಿರಿ. ಅದೇ ಅಳತೆಯ ಇನ್ನೊಂದು ಕಾಗದದ ಮೇಲೆ ಮನೆಗಳನ್ನು, ಮತ್ತೊಂದರ ಮೇಲೆ ಸರ್ವೆ ನಂಬರುಗಳನ್ನು, ಮಗುದೊಂದರ ಮೇಲೆ ಮಣ್ಣಿನ ಗುಣವನ್ನು ಬರೆದು, ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ಬೇರೆ ಬೇರೆಯಾಗಿದ್ದಾಗ ಕಾಣದಿದ್ದ ಸಂಗತಿಗಳು ಕಣ್ಣಿಗೆ ಬೀಳುವವು. ಈ ಕೆಲಸವನ್ನು ಯಂತ್ರವು ಸಾವಿರಾರು ಹಾಳೆಗಳಿಗೆ ಕ್ಷಣಮಾತ್ರದಲ್ಲಿ ಮಾಡಿಕೊಡುವದು; ಪ್ರತಿಯೊಂದು ಚುಕ್ಕೆಯ ಬೆನ್ನಿಗೆ ಅದರ ಲೆಕ್ಕಪತ್ರವನ್ನೂ ಜೋಡಿಸಿ ಇಡುವದು. 1960ರ ದಶಕದಲ್ಲಿ ಕೆನಡಾ ದೇಶದ ಸರಕಾರವು ತನ್ನ ವಿಶಾಲವಾದ ಭೂಮಿಯಲ್ಲಿ ಬೇಸಾಯಕ್ಕೆ ತಕ್ಕದ್ದು ಯಾವದು, ಅರಣ್ಯಕ್ಕೆ ತಕ್ಕದ್ದು ಯಾವದು ಎಂದು ತಿಳಿಯಬಯಸಿದಾಗ, ಕೈಯಿಂದ ನಕಾಶೆಗಳನ್ನು ಬರೆದು ಹೋಲಿಸುವದು ಆಗದ ಮಾತಾಯಿತು. ಆಗ ರೋಜರ್ ಟಾಮ್ಲಿನ್ಸನ್ ಎಂಬ ಭೂಗೋಲಜ್ಞರು ಆ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಉಪಾಯವನ್ನು ತೋರಿಸಿದರು. ನಮ್ಮ ದೇಶದಲ್ಲಿ ಸರ್ವೇಕ್ಷಣ ಇಲಾಖೆಯು 1767ರಲ್ಲಿ ಸ್ಥಾಪಿತವಾಯಿತು, 1802ರಲ್ಲಿ ಲ್ಯಾಂಬ್ಟನರು ಮದ್ರಾಸಿನಲ್ಲಿ ಮಹಾ ತ್ರಿಕೋನ ಮೋಜಣಿಯನ್ನು ಆರಂಭಿಸಿದರು, 1988ರಲ್ಲಿ ಐ.ಆರ್.ಎಸ್.-1ಎ ಎಂಬ ಉಪಗ್ರಹವು ಮೇಲೇರಿ ಆಕಾಶದಿಂದ ನಮ್ಮ ನೆಲದ ಚಿತ್ರವನ್ನು ತೆಗೆಯತೊಡಗಿತು. ಸರಪಳಿ ಹಿಡಿದು ನಡೆದವರ ಕೆಲಸವೂ ಉಪಗ್ರಹದ ಕೆಲಸವೂ ಇಂದು ಒಂದೇ ಕಡೆ ಕೂಡಿವೆ.

ಇದು ದೊಡ್ಡ ಪಟ್ಟಣದವರ ವಿಷಯ, ಅಡಿಕೆ ತೋಟದವರಿಗೆ ಇದರಿಂದ ಆಗುವದೇನು ಎಂದು ಕೆಲವರು ಕೇಳಬಹುದು. ನಮ್ಮ ಜೀವನೋಪಾಯಗಳನ್ನು ಒಂದೊಂದಾಗಿ ನೋಡೋಣ. 2000ದ ಸುಮಾರಿಗೆ ನಮ್ಮ ಪಹಣಿಗಳು ಭೂಮಿ ಯೋಜನೆಯಿಂದ ಗಣಕಯಂತ್ರವನ್ನು ಸೇರಿದವು. ಈಗ ದಿಶಾಂಕ್ ಎಂಬ ಸಾಧನವು, ನಾವು ನಿಂತ ನೆಲದ ಸರ್ವೆ ನಂಬರನ್ನು ಕೈಯೊಳಗಿನ ದೂರವಾಣಿಯಲ್ಲಿಯೇ ತೋರಿಸುವದು. ತೋಟದಲ್ಲಿ ಯಾವ ಬೆಳೆ ಇದೆಯೆಂಬುದನ್ನು ನಿಂತ ಸ್ಥಳದ ಗುರುತಿನೊಡನೆ ಚಿತ್ರ ತೆಗೆದು ದಾಖಲೆ ಮಾಡುವರು. ಅಡಿಕೆ, ಕಾಳುಮೆಣಸುಗಳ ಹವಾಮಾನಾಧಾರಿತ ಬೆಳೆವಿಮೆಯಲ್ಲಿಯಂತೂ ತೋಟಕ್ಕೆ ಯಾರೂ ಬಂದು ನೋಡುವದಿಲ್ಲ. ಗ್ರಾಮ ಪಂಚಾಯತಿಯ ಲೆಕ್ಕಕ್ಕೆ ಹಿಡಿದ ಮಳೆಮಾಪಕದ ಅಂಕೆಗಳೇ ಪರಿಹಾರವನ್ನು ನಿರ್ಣಯಿಸುವವು. ಮಾಪಕವಿರುವ ಬಯಲಿನಲ್ಲಿ ಬಿದ್ದ ಮಳೆಯೇ ಗುಡ್ಡದಾಚೆಯ ಕಣಿವೆಯಲ್ಲಿಯೂ ಬಿದ್ದಿತೆಂದು ಎಣಿಸುವದು ಮಲೆನಾಡಿನಲ್ಲಿ ಎಷ್ಟು ಸರಿಯೆಂಬುದನ್ನು ನಮ್ಮ ತೋಟಿಗರಿಗೆ ಹೇಳಬೇಕಾಗಿಲ್ಲ. ಆದರೆ ಮಾಪಕವು ಎಲ್ಲಿದೆ, ತಮ್ಮ ತೋಟವು ಅದರಿಂದ ಎಷ್ಟು ದೂರವಿದೆ, ನಡುವಿನ ಏರು ಎಷ್ಟು ಎಂಬುದನ್ನು ನಕಾಶೆಯಲ್ಲಿ ತೋರಿಸಿ ವಾದಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಆರೋಗ್ಯದ ವಿಷಯವನ್ನು ನೋಡಿರಿ. 1854ರಲ್ಲಿ ಲಂಡನ್ ನಗರದಲ್ಲಿ ವಾಂತಿಭ್ರಾಂತಿ ಎದ್ದಾಗ, ಜಾನ್ ಸ್ನೋ ಎಂಬ ವೈದ್ಯರು ಸಾವುಗಳಾದ ಮನೆಗಳನ್ನು ನಕಾಶೆಯ ಮೇಲೆ ಗುರುತಿಸಿ, ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿರುವದನ್ನು ತೋರಿಸಿಕೊಟ್ಟರು. ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಗೂ ಇದೇ ವಿಧಾನವು ಬೇಕಾಗಿದೆ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಈ ಜ್ವರಕ್ಕೆ ಅನೇಕರು ತುತ್ತಾದರು. ಕೆಲವರು ಪ್ರಾಣವನ್ನೂ ಕಳಕೊಂಡರು. ಕಾಡಿನ ಉಣುಗು ಕಚ್ಚುವದರಿಂದ ಇದು ಹರಡುವದು. ಮಂಗ ಸತ್ತ ಸ್ಥಳದ ಸುತ್ತಲೂ ಔಷಧದ ಪುಡಿಯನ್ನು ಎರಚುವ ಪದ್ಧತಿಯುಂಟು. ಆ ಸ್ಥಳವು ಯಾವದೆಂಬುದು ಸರಿಯಾಗಿ ತಿಳಿಯದಿದ್ದರೆ ಎರಚಿದ ಪುಡಿಯಿಂದ ಫಲವೇನು? ಸತ್ತ ಮಂಗಗಳನ್ನೂ ಜ್ವರ ಬಂದ ಮನೆಗಳನ್ನೂ ಸೊಪ್ಪಿಗೂ ಸೌದೆಗೂ ಹೋಗುವ ಹಾದಿಗಳನ್ನೂ ಒಂದೇ ನಕಾಶೆಯಲ್ಲಿ ಕೂಡಿಸಿದರೆ, ಮುಂದೆ ಯಾವ ಕೇರಿಯವರಿಗೆ ಎಚ್ಚರಿಕೆ ಕೊಡಬೇಕೆಂಬುದು ತಿಳಿಯುವದು. ತರಗೆಲೆ ಗುಡಿಸಲು ಬೆಟ್ಟಕ್ಕೆ ಹೋಗುವವರಲ್ಲಿ ಹೆಂಗಸರು ಎಷ್ಟು ಮಂದಿಯೆಂಬುದು ನಮ್ಮ ವಾಚಕರಿಗೆ ಗೊತ್ತಿದ್ದದ್ದೇ. ಉಣುಗು ಕಚ್ಚುವದು ಅವರನ್ನು. ಹಾದಿಯನ್ನು ಬಲ್ಲವರೂ ಅವರೇ.

ಗುಡ್ಡ ಕುಸಿಯುವ ವಿಷಯವೂ ಹಾಗೆಯೇ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಜಾರಿ ತೋಟಗಳೂ ರಸ್ತೆಗಳೂ ಹಾಳಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡವು ಬಿದ್ದು ಜೀವಗಳು ಹೋದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಕುಸಿತದ ಸಂಭವವುಳ್ಳ ಪ್ರದೇಶಗಳ ನಕಾಶೆಯನ್ನು 1:50,000 ಅಳತೆಯಲ್ಲಿ ಸಿದ್ಧಪಡಿಸಿದೆ. ಇದು ಬಹು ಉಪಕಾರದ ಕೆಲಸ. ಆದರೆ ಆ ಅಳತೆಯಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು ಅಡಗುವದು. ಒಂದು ಮನೆಯ ಹಿಂದಿನ ದರೆಯು ಅದರಲ್ಲಿ ಕಾಣುವದಿಲ್ಲ. ಯಾವ ದರೆಯಲ್ಲಿ ಆಷಾಢದಲ್ಲಿ ಹೊಸ ಜಲ ಒಡೆಯುವದು, ಯಾವ ಅಂಗಳದಲ್ಲಿ ಈ ವರ್ಷ ಬಿರುಕು ಬಿಟ್ಟಿದೆ ಎಂಬುದನ್ನು ಆ ಮನೆಯ ಅಜ್ಜಿಯೇ ಹೇಳಬೇಕು. ಅಜ್ಜಿಯ ಮಾತು ನಕಾಶೆಗೆ ಏರುವ ದಾರಿಯನ್ನು ಮಾಡಿಕೊಡುವವರು ಯಾರು? ಮಳೆಗಾಲದಲ್ಲಿ ಕಾಲುಸಂಕವು ತೇಲಿಹೋದರೆ, ಯಂತ್ರವು ಒಂದು ಮೈಲೆಂದು ಹೇಳುವ ಶಾಲೆಯ ದಾರಿಯು ಮಕ್ಕಳ ಕಾಲಿಗೆ ನಾಲ್ಕು ಮೈಲಾಗುವದು. ಆ ಸಂಕವು ನಕಾಶೆಯಲ್ಲಿ ಇಲ್ಲದಿದ್ದರೆ, ಅದು ಹೋದ ಸುದ್ದಿಯೂ ಯಂತ್ರಕ್ಕೆ ಇರುವದಿಲ್ಲ.

ಹೀಗೆ ಆಕಾಶದಿಂದ ನೋಡುವವರಿಗೂ ನೆಲದ ಮೇಲೆ ನಡೆಯುವವರಿಗೂ ಕಾಣುವದು ಬೇರೆ ಬೇರೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿಯ ಜಾತಿಯ ಮರಗಳುಳ್ಳ ಜೌಗು ನೆಲಗಳುಂಟು. ಕಿರಿದಾದ ಹಳ್ಳಗಳ ಅಂಚಿನಲ್ಲಿ, ದಟ್ಟವಾದ ಎಲೆಗಳ ಕೆಳಗೆ ಅವು ಅಡಗಿವೆ. ಆ ಕಾನಿನ ಹೆಸರನ್ನೇ ಹೊತ್ತ ಒಂದು ಅಪೂರ್ವ ಮರವು ವಿಜ್ಞಾನಿಗಳಿಗೆ ಪರಿಚಯವಾದದ್ದು 2000ದಲ್ಲಿ. ಮೇಲಿನಿಂದ ನೋಡಿದರೆ ಅದೂ ಹಸುರು, ಇದೂ ಹಸುರು. ಒಳಗೆ ಕಾಲಿಟ್ಟವರಿಗೇ ಈ ಭೇದವು ತಿಳಿದದ್ದು.

ಪಶ್ಚಿಮಘಟ್ಟಗಳ ಸೂಕ್ಷ್ಮ ಪ್ರದೇಶಗಳ ವಿವಾದವನ್ನು ಈ ದೃಷ್ಟಿಯಿಂದ ನೋಡಿದರೆ ಬಹಳ ಕಲಿಯಲಿಕ್ಕಿದೆ. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿಯು ಘಟ್ಟಗಳನ್ನು ಸುಮಾರು 9 ಕಿಲೋಮೀಟರು ಉದ್ದಗಲದ ಚೌಕಗಳನ್ನಾಗಿ ವಿಭಾಗಿಸಿ ಅಳೆಯಿತು. ಕಡೆಯ ನಿರ್ಣಯಕ್ಕೆ ಮುಂಚೆ ಗ್ರಾಮಸಭೆಗಳನ್ನು ಕೇಳಬೇಕೆಂದೂ ಹೇಳಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯು 24 ಮೀಟರಿನಷ್ಟು ಸೂಕ್ಷ್ಮವಾದ ಉಪಗ್ರಹ ಚಿತ್ರಗಳನ್ನು ಬಳಸಿ, ಘಟ್ಟಗಳ ಸುಮಾರು 37 ಪ್ರತಿಶತ ಭಾಗವನ್ನು ಸೂಕ್ಷ್ಮವೆಂದು ಗುರುತಿಸಿತು. ಒಂದು ಗ್ರಾಮದ 20 ಪ್ರತಿಶತ ನೆಲವು ಅಂಥದ್ದಾದರೆ ಇಡೀ ಗ್ರಾಮವನ್ನೇ ಪಟ್ಟಿಗೆ ಸೇರಿಸಿತು. 24 ಮೀಟರಿನ ಒಂದು ಚೌಕವೆಂದರೆ ಸುಮಾರು ಆರು ಗುಂಟೆ ನೆಲ. ಅಷ್ಟು ನೆಲವು ಆ ಚಿತ್ರದಲ್ಲಿ ಒಂದೇ ಚುಕ್ಕೆಯಾಗುವದು. ಕೇಂದ್ರ ಸರಕಾರವು 2014ರಿಂದ 2024ರ ವರೆಗೆ ಆರು ಸಲ ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಆರನೆಯ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. 2024ರ ಸೆಪ್ಟೆಂಬರ್ 26ರಂದು ರಾಜ್ಯದ ಮಂತ್ರಿಮಂಡಲವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಈ ವರದಿಗಳ ಗುಣದೋಷಗಳನ್ನು ನಿರ್ಣಯಿಸುವದು ಈ ಲೇಖನದ ಉದ್ದೇಶವಲ್ಲ. ನಮ್ಮ ವ್ಯಸನವು ಬೇರೆ. ಹತ್ತು ವರ್ಷಗಳ ಈ ಗದ್ದಲದಲ್ಲಿ ನಮ್ಮ ಊರುಗಳಲ್ಲಿ ಸಭೆಗಳಾದವು, ಮೆರವಣಿಗೆಗಳಾದವು. ನಕಾಶೆಯನ್ನು ಮೇಜಿನ ಮೇಲೆ ಹರಡಿ, ಈ ಚುಕ್ಕೆಯು ನಮ್ಮ ಕಾನು, ಇದು ನಮ್ಮ ತೋಟ, ಇದು ಸೊಪ್ಪಿನ ಬೆಟ್ಟ ಎಂದು ಬೆರಳಿಟ್ಟು ತೋರಿಸಿದವರು ಬಹು ವಿರಳ. ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಒಂದೆಕರೆ ಬಾಗಾಯತಕ್ಕೆ ಒಂಬತ್ತು ಎಕರೆಯ ವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ನಡೆದುಬಂದದ್ದುಂಟು. ಅಂಥ ಬೆಟ್ಟವು ಪೂರ್ಣ ಕಾಡೂ ಅಲ್ಲ, ಪೂರ್ಣ ಬೇಸಾಯವೂ ಅಲ್ಲ. ಅದನ್ನು ಯಾವ ಬಣ್ಣದಿಂದ ತುಂಬಬೇಕೆಂದು ದೂರದ ನಗರದಲ್ಲಿ ಕುಳಿತ ನಕಾಶೆಗಾರನಿಗೆ ಹೇಗೆ ತಿಳಿದೀತು? ಓದದೆ ಒಪ್ಪಿಕೊಳ್ಳುವದೂ ಓದದೆ ತಿರಸ್ಕರಿಸುವದೂ ವಿದ್ಯಾವಂತರಿಗೆ ಸಮಾನವಾಗಿ ತಕ್ಕದ್ದಲ್ಲವೆಂದು ನಾವು ತಿಳಿಯುತ್ತೇವೆ.

ಇದಕ್ಕಿಂತಲೂ ಮನೆಗೆ ಹತ್ತಿರವಾದ ವಿಷಯವು ಅರಣ್ಯಹಕ್ಕಿನದು. 2006ರ ಅರಣ್ಯಹಕ್ಕುಗಳ ಕಾಯಿದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸಿಸಿ ಬೇಸಾಯ ಮಾಡುತ್ತಿದ್ದವರು ಹಕ್ಕನ್ನು ಕೇಳಬಹುದು. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ನಮ್ಮ ಜಿಲ್ಲೆಯ ಸಿದ್ದಿ ಜನರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಉಳಿದ ಬಡವರಲ್ಲಿ ಅನೇಕರು ಆ 75 ವರ್ಷಗಳ ಪುರಾವೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ಇವರ ಜಮೀನುಗಳನ್ನು ಜಿ.ಪಿ.ಎಸ್. ಯಂತ್ರವನ್ನು ಹಿಡಿದು ಅಳೆಯುವರು. ದಟ್ಟವಾದ ಮರಗಳ ಕೆಳಗೆ ಆ ಯಂತ್ರವು ಕೆಲವು ಮೀಟರುಗಳಷ್ಟು ತಪ್ಪುವದು ಸಹಜ. ಹತ್ತು ಗುಂಟೆಯ ಚೌಕವಾದ ತುಂಡಿನ ಒಂದು ಬದಿಯು ಸುಮಾರು 32 ಮೀಟರು. ಆ ಬದಿಯ ಗೆರೆಯು 5 ಮೀಟರು ಒಳಸರಿದರೆ ಒಂದೂವರೆ ಗುಂಟೆಗೂ ಮಿಕ್ಕಿ ನೆಲವು ಹೋಗುವದು. ಬಡವಳೊಬ್ಬಳ ಬಾವಿಯೂ ಕೊಟ್ಟಿಗೆಯೂ ಇರುವದು ಅಷ್ಟೇ ನೆಲದಲ್ಲಿರಬಹುದು.

ಆದರೆ ಇದೇ ಕಾಯಿದೆಯಲ್ಲಿ ಆಶೆಯ ಮಾತುಗಳೂ ಇವೆ, ಅವುಗಳನ್ನು ನಮ್ಮ ತಾಯಂದಿರು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಉಪಗ್ರಹದ ಚಿತ್ರವು ಉಳಿದ ಪುರಾವೆಗಳಿಗೆ ಸಹಾಯಕವಾಗಬಹುದೇ ಹೊರತು ಅವುಗಳ ಸ್ಥಾನವನ್ನು ತೆಗೆದುಕೊಳ್ಳಕೂಡದೆಂದು 2012ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಹಕ್ಕು ಕೇಳಿದ ನೆಲವನ್ನು ನೋಡಿ, ಗುರುತುಗಳನ್ನು ಹಿಡಿದು ನಕಾಶೆಯನ್ನು ಸಿದ್ಧಮಾಡುವ ಕೆಲಸವು ಗ್ರಾಮದ ಅರಣ್ಯಹಕ್ಕು ಸಮಿತಿಯದು. ಆ ಸಮಿತಿಯಲ್ಲಿ ಕನಿಷ್ಠ ಮೂರರಲ್ಲಿ ಒಂದು ಪಾಲು ಹೆಂಗಸರು ಇರಲೇಬೇಕು. ಹಕ್ಕುಪತ್ರವು ಗಂಡಹೆಂಡಿರ ಜಂಟಿ ಹೆಸರಿನಲ್ಲಿ ಆಗಬೇಕು. ಹೀಗೆ ಕಾಯಿದೆಯು ಹೆಣ್ಣಿಗೆ ನಕಾಶೆಯ ಮೇಜಿನ ಬಳಿ ಆಸನವನ್ನು ಇರಿಸಿದೆ. ಆಕೆಯು ಅಲ್ಲಿ ಕುಳಿತು, ಗಂಡಸರು ಬರೆದದ್ದಕ್ಕೆ ಹೆಬ್ಬೆಟ್ಟನ್ನೋ ರುಜುವನ್ನೋ ಮಾತ್ರ ಹಾಕಿ ಎದ್ದುಬಂದರೆ ಆ ಆಸನದಿಂದ ಪ್ರಯೋಜನವೇನು?

ಸತ್ಯವೇದವನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ಈ ಸಂದರ್ಭದಲ್ಲಿ ಎರಡು ವೃತ್ತಾಂತಗಳು ಹೊಳೆಯದೆ ಇರವು. ಸ್ವಾಸ್ತ್ಯ ದೊರೆಯದ ಏಳು ಕುಲಗಳು ಉಳಿದಿದ್ದಾಗ, ಯೆಹೋಶುವನು ಪ್ರತಿಯೊಂದು ಕುಲದಿಂದ ಮೂರು ಮಂದಿಯನ್ನು ಆರಿಸಿ, ದೇಶವನ್ನೆಲ್ಲಾ ನಡೆದು ನೋಡಿ ಅದನ್ನು ಏಳು ಭಾಗವಾಗಿ ಪುಸ್ತಕದಲ್ಲಿ ಬರೆದು ತರುವಂತೆ ಕಳುಹಿಸಿದನು. ಪಾಲನ್ನು ಪಡೆಯಬೇಕಾದ ಕುಲಗಳವರೇ ಅಳೆಯಲು ಹೋದರು. ಮೊದಲು ನಡೆದರು, ಆಮೇಲೆ ಬರೆದರು. ಇದಕ್ಕೂ ಮೊದಲು, ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐದು ಮಂದಿ ಕುಮಾರ್ತೆಯರು ಮೋಶೆಯ ಮುಂದೆಯೂ ಸರ್ವಸಭೆಯ ಮುಂದೆಯೂ ನಿಂತು ತಂದೆಯ ಸ್ವಾಸ್ತ್ಯದ ಪಾಲನ್ನು ತಮಗೆ ಕೊಡಬೇಕೆಂದು ಕೇಳಿದರು. ಅವರ ಮಾತು ನ್ಯಾಯವಾದದ್ದೆಂದು ದೇವರೇ ಒಪ್ಪಿದನು. ಅವರು ಅಳುತ್ತಾ ಬೇಡಲಿಲ್ಲ. ಕಾರಣವನ್ನು ಹೇಳಿ ಕೇಳಿದರು. ನಮ್ಮ ಹೆಣ್ಣುಮಕ್ಕಳು ಕಾರಣದೊಡನೆ ನಕಾಶೆಯನ್ನೂ ಹಿಡಿದು ನಿಲ್ಲಲೆಂಬುದೇ ನಮ್ಮ ಇಚ್ಛೆ.

ಪಾಲಕರಲ್ಲಿ ಕೆಲವರು, ಇದು ಬಿಸಿಲಲ್ಲಿ ಅಲೆಯುವ ಗಂಡಸರ ಕೆಲಸವೆಂದು ಹೇಳುವರು. ಸೊಪ್ಪು ಸೌದೆ ನೀರುಗಳಿಗಾಗಿ ಅಲೆಯುವಾಗ ಯಾರೂ ಆಡದ ಮಾತನ್ನು ವಿದ್ಯೆಗಾಗಿ ಅಲೆಯುವಾಗ ಆಡುವದು ಆಶ್ಚರ್ಯವೇ ಸರಿ. ಇಂದು ಲೋಕವೆಲ್ಲಾ ಬಳಸುವ ಜಿ.ಪಿ.ಎಸ್. ಯಂತ್ರಕ್ಕೆ ಭೂಮಿಯ ಆಕಾರದ ಸೂಕ್ಷ್ಮ ಲೆಕ್ಕವು ಬೇಕಾಗಿತ್ತು. ಆ ಲೆಕ್ಕವನ್ನು ಸಾಧಿಸಿದವರಲ್ಲಿ ಅಮೇರಿಕದ ವರ್ಜೀನಿಯಾದ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಗ್ಲ್ಯಾಡಿಸ್ ವೆಸ್ಟ್ ಎಂಬ ಗಣಿತಜ್ಞೆ ಮುಖ್ಯಳು. ಅಟ್ಲಾಂಟಿಕ್ ಸಾಗರದ ತಳದ ನಕಾಶೆಯನ್ನು ಬರೆದ ಮೇರಿ ಥಾರ್ಪಳನ್ನು ಹೆಂಗಸೆಂಬ ಕಾರಣಕ್ಕೆ ಬಹುಕಾಲ ಹಡಗನ್ನು ಹತ್ತಗೊಡಲಿಲ್ಲ. ಆಕೆಯು ದಡದಲ್ಲಿಯೇ ಕುಳಿತು, ಇತರರು ತಂದ ಅಂಕೆಗಳಿಂದ ಸಮುದ್ರದ ಕೆಳಗಿನ ಕಣಿವೆಯನ್ನು ಕಂಡುಹಿಡಿದಳು.

ಮತ್ತೊಂದು ಆಕ್ಷೇಪಣೆಯಲ್ಲಿ ಹೆಚ್ಚು ತೂಕವಿದೆ. ಎಲ್ಲವನ್ನೂ ನಕಾಶೆಗೆ ಏರಿಸುವದು ಒಳ್ಳೇದಲ್ಲವೆಂದು ಹಿರಿಯರು ಹೇಳುವರು. ಅಘನಾಶಿನಿಯ ದಡದ ಒಳ್ಳೆಯ ಅಪ್ಪೆಮಿಡಿಯ ಮರವಾಗಲಿ, ಹೆಜ್ಜೇನಿನ ಮರವಾಗಲಿ ಎಲ್ಲಿದೆಯೆಂದು ಲೋಕಕ್ಕೆಲ್ಲಾ ತಿಳಿದರೆ, ಕೊಂಬೆಯನ್ನೇ ಕಡಿದು ಒಯ್ಯುವವರೂ ಬರುವರು. ಈ ಮಾತು ನಿಜ. ಆದುದರಿಂದಲೇ ಯಾವದನ್ನು ತೋರಿಸಬೇಕು, ಯಾವದನ್ನು ಊರಿನ ಬಾಯಲ್ಲಿಯೇ ಇಡಬೇಕು ಎಂಬುದನ್ನು ಊರವರೇ ನಿರ್ಣಯಿಸುವಷ್ಟು ಈ ವಿದ್ಯೆಯನ್ನು ಬಲ್ಲವರಾಗಬೇಕು. ನಾವು ಬರೆಯದಿದ್ದರೆ ಯಾರೂ ಬರೆಯಲಾರರು ಎಂಬ ಕಾಲವು ಹೋಯಿತು.

ಕೊನೆಗೆ, ಆಗತಕ್ಕ ಕೆಲಸವನ್ನು ಸೂಚಿಸುತ್ತೇವೆ. 2021ರ ಫೆಬ್ರುವರಿಯಿಂದ ನಮ್ಮ ದೇಶದ ಪ್ರಜೆಗಳು ನಕಾಶೆಗಳನ್ನು ಮಾಡಲು ಮೊದಲಿನಂತೆ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶವು ಹಣವಿಲ್ಲದೆ ದೊರೆಯುವದು. ಆದುದರಿಂದ ಎಂಟನೆಯ, ಒಂಬತ್ತನೆಯ ಇಯತ್ತೆಯ ಹುಡುಗಿಯರು ತಮ್ಮ ತಮ್ಮ ಕೇರಿಯನ್ನು ಮೊದಲು ಕಾಲ್ನಡಿಗೆಯಿಂದ ಅಳೆದು, ಬಾವಿ, ಹಳ್ಳ, ಕಾಲುಸಂಕ, ಅಂಗನವಾಡಿ, ಜಲ ಒಡೆಯುವ ದರೆ ಇವುಗಳನ್ನು ಕಾಗದದ ಮೇಲೆ ಬರೆಯಲಿ. ಅನಂತರ ಅದನ್ನು ಯಂತ್ರಕ್ಕೆ ಏರಿಸಿ ಸರಕಾರದ ನಕಾಶೆಯೊಡನೆ ಹೋಲಿಸಲಿ. ಎರಡರ ನಡುವೆ ಕಂಡ ವ್ಯತ್ಯಾಸವನ್ನು ಪಂಚಾಯತಿಗೆ ಬರೆದು ಕಳುಹಿಸಲಿ. ಇಂಥ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಂದೆರಡು ಶನಿವಾರಗಳನ್ನು ತಮ್ಮ ಶಾಲೆಗೆ ದಾನಮಾಡಲಿ. ಪಾಲಕರಿಗೆ ನಾವು ಬಿನ್ನವಿಸುವದು ಇಷ್ಟೇ: ಮೋಜಣಿದಾರರು ನಿಮ್ಮ ಜಮೀನಿಗೆ ಬಂದ ದಿನ ಮಗಳನ್ನೂ ಕರೆದುಕೊಂಡು ಹೋಗಿರಿ, ಗಡಿಕಲ್ಲುಗಳನ್ನು ಆಕೆಗೂ ತೋರಿಸಿರಿ.

ಗೋಡೆಯ ನಕಾಶೆಯಲ್ಲಿ ಚುಕ್ಕೆಯೂ ಆಗಿರದ ನಮ್ಮ ಊರುಗಳು ಈಗ ಬೇರೆಯವರ ಯಂತ್ರಗಳಲ್ಲಿ ಸಾವಿರಾರು ಚುಕ್ಕೆಗಳಾಗಿವೆ. ಆ ಚುಕ್ಕೆಗಳ ಹೆಸರನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರ ಕೈಗೆ ಲೇಖನಿಯನ್ನು ಕೊಡುವ ಕೆಲಸದಲ್ಲಿ ನಮ್ಮ ಶಾಲೆಯು ಹಿಂದೆ ಬೀಳದಿರಲೆಂದು ದೇವರನ್ನು ಪ್ರಾರ್ಥಿಸುತ್ತೇವೆ.